ಓದುಗರ ಪ್ರಶ್ನೆ: ಮಗಳ ಸ್ಟ್ಯಾಂಡ್‌ಬೈ ಟಿಕೆಟ್‌ಗೆ ಕಣ್ಣೂರು ಸರಿಯೋ, ಬೆಂಗಳೂರು ಸರಿಯೋ?

ಪ್ರಶ್ನೆ: ನಾವು ವಿರಾಜಪೇಟೆ ಕಡೆಯವರು. ಮಗಳು ವಿಮಾನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ನಮ್ಮಿಬ್ಬರಿಗೂ ದೆಹಲಿಗೆ ಸ್ಟಾಫ್ ಟಿಕೆಟ್ (ಸಿಬ್ಬಂದಿಯ ಮನೆಯವರಿಗೆ ಸಿಗುವ ರಿಯಾಯಿತಿ ಟಿಕೆಟ್) ಮಾಡಿಸುತ್ತೇನೆ, ಆದರೆ ಅದು ಸ್ಟ್ಯಾಂಡ್‌ಬೈ ಎನ್ನುತ್ತಾಳೆ. ಟಿಕೆಟ್ ಇದ್ದೂ ಸೀಟು ಇಲ್ಲ ಎಂದರೆ ಏನರ್ಥ? ಕಣ್ಣೂರು ನಮಗೆ ಹತ್ತಿರ. ಅಲ್ಲಿಂದಲೇ ಹೋಗಬಹುದಲ್ಲವೇ?

ಉತ್ತರ: ಹೋಗಬಹುದು, ಆದರೆ ನಮ್ಮ ಸಲಹೆ ಬೆಂಗಳೂರು. ಸ್ಟ್ಯಾಂಡ್‌ಬೈಗೆ ಹೊರಟವರು ನೋಡಬೇಕಾದದ್ದು ಮನೆಯಿಂದ ಎಷ್ಟು ದೂರ ಎಂದಲ್ಲ, ಈ ವಿಮಾನ ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು.

ಸ್ಟ್ಯಾಂಡ್‌ಬೈ ಟಿಕೆಟ್ ಎಂದರೆ, ಹಣ ಕೊಟ್ಟವರೆಲ್ಲ ಹತ್ತಿದ ಮೇಲೆ ಸೀಟು ಉಳಿದರೆ ಕೂರಲು ಸಿಕ್ಕ ಅನುಮತಿ, ಅಷ್ಟೇ. ಸಿಬ್ಬಂದಿ ಇದನ್ನು ಆರ್-2 ಎನ್ನುತ್ತಾರೆ. ಸೀಟು ಖಾತ್ರಿಯಾದ ಸ್ಟಾಫ್ ಟಿಕೆಟ್ ಆರ್-1. ಟಿಕೆಟ್ ಐಡಿ-90 ಎಂಬ ಬಗೆಯದಾಗಿದ್ದರೆ ಮೂಲ ದರದಲ್ಲಿ ಶೇ 90 ರಿಯಾಯಿತಿ. ತೆರಿಗೆ, ವಿಮಾನ ನಿಲ್ದಾಣದ ಶುಲ್ಕಗಳನ್ನು ಮಾತ್ರ ಸಾಮಾನ್ಯವಾಗಿ ನೀವೇ ಕಟ್ಟಬೇಕು. ಹಾಗಾಗಿ ಹತ್ತಿರದ ಊರುಗಳಿಗೆ ಉಳಿಯುವ ಹಣ ಅಷ್ಟೇನೂ ದೊಡ್ಡದಲ್ಲ. ಎರಡು ತಿಂಗಳು ಮೊದಲೇ ಕೊಂಡ ಅಗ್ಗದ ಟಿಕೆಟ್ ಕೆಲವೊಮ್ಮೆ ಅದಕ್ಕೆ ಸಮವಾಗಿಯೇ ಇರುತ್ತದೆ. ಮೊದಲು ಎರಡನ್ನೂ ಹೋಲಿಸಿ ನೋಡಿ. ದೂರದ ಊರಿಗೆ, ವಿದೇಶಕ್ಕೆ ಹೋಗುವಾಗಲೇ ಈ ಸೌಲಭ್ಯದ ನಿಜವಾದ ಲಾಭ.

ಈಗ ಲೆಕ್ಕಕ್ಕೆ ಬರೋಣ. 180 ಸೀಟಿನ ವಿಮಾನದಲ್ಲಿ 171 ಮಾರಾಟವಾಗಿವೆ, 9 ಖಾಲಿ ಎಂದಿಟ್ಟುಕೊಳ್ಳಿ. ಸ್ಟ್ಯಾಂಡ್‌ಬೈ ಪಟ್ಟಿಯಲ್ಲಿ 14 ಜನ. ನಿಮ್ಮಿಬ್ಬರದು 8 ಮತ್ತು 9ನೇ ಹೆಸರು. ಸಿಕ್ಕೇಬಿಟ್ಟಿತು ಎನಿಸುತ್ತದೆ. ಅಷ್ಟರಲ್ಲಿ ಹಿಂದಿನ ವಿಮಾನ ತಪ್ಪಿಸಿಕೊಂಡ ಮೂವರು ಪ್ರಯಾಣಿಕರನ್ನು ಇದಕ್ಕೆ ಹಾಕುತ್ತಾರೆ. ಬೇರೆ ಊರಿನಲ್ಲಿ ಡ್ಯೂಟಿಗೆ ಹೋಗಬೇಕಾದ ಪೈಲಟ್, ಸಿಬ್ಬಂದಿಗೂ ನಿಮಗಿಂತ ಮೊದಲೇ ಸೀಟು. ಬುಕ್ ಮಾಡಿದವರಲ್ಲಿ ಇಬ್ಬರು ಬಾರದೇ ಹೋದರೆ ಮತ್ತೆ ಆಸೆ ಚಿಗುರುತ್ತದೆ. ಪಟ್ಟಿಯ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ: ಕೆಲವೆಡೆ ಉದ್ಯೋಗಿ ಸೇರಿದ ದಿನಾಂಕ ನೋಡುತ್ತಾರೆ, ಕೆಲವೆಡೆ ಯಾರು ಮೊದಲು ಚೆಕ್-ಇನ್ ಮಾಡಿದರು ಎಂದು. ಹೊಸದಾಗಿ ಸೇರಿದವರ ಅಪ್ಪ ಅಮ್ಮನ ಹೆಸರು ಸಹಜವಾಗಿ ಕೆಳಗಿರುತ್ತದೆ. ಆದ್ದರಿಂದ ಮಗಳನ್ನು ಕೇಳಬೇಕಾದದ್ದು ‘ಸೀಟು ಇದೆಯಾ’ ಎಂದಲ್ಲ. ಎಷ್ಟು ಖಾಲಿ, ಪಟ್ಟಿಯಲ್ಲಿ ಎಷ್ಟು ಜನ, ನಮ್ಮದು ಎಷ್ಟನೆಯದು ಎಂದು ಕೇಳಿ. ಹಿಂದಿನ ರಾತ್ರಿ ಒಮ್ಮೆ, ಹೊರಡುವ ಮುಂಚೆ ಇನ್ನೊಮ್ಮೆ.

ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದರೆ ಮಟ್ಟನ್ನೂರಿನಲ್ಲಿರುವ ಕಣ್ಣೂರು ನಿಲ್ದಾಣ ಸುಮಾರು 60 ಕಿಲೋಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣ 300ಕ್ಕೆ ಸಮೀಪ. ಆದರೂ ಕಣ್ಣೂರಿನಲ್ಲಿ ವಿಮಾನಗಳು ಕಡಿಮೆ, ಒಂದು ತಪ್ಪಿದರೆ ಮತ್ತೆ ಘಾಟಿ ಹತ್ತಿ ಮನೆಗೆ ಬರಬೇಕಾದೀತು. ನಡುವೆ ಎಲ್ಲಾದರೂ ವಿಮಾನ ಬದಲಿಸಬೇಕಾದರೆ ಎರಡೂ ಕಡೆ ಬೇರೆ ಬೇರೆಯಾಗಿ ಕಾಯಬೇಕು. ಬೆಂಗಳೂರಿನಿಂದ ದೆಹಲಿಗೆ ಬೆಳಗಿನಿಂದ ರಾತ್ರಿಯವರೆಗೆ ವಿಮಾನಗಳಿವೆ. ದಿನದ ಮೊದಲ ವಿಮಾನಕ್ಕೇ ಹೆಸರು ಹಾಕಿಸಿ, ತಪ್ಪಿದರೆ ಮುಂದಿನದಕ್ಕೆ ವರ್ಗಾಯಿಸಬಹುದು. ಮಂಗಳವಾರ, ಬುಧವಾರ ಸಾಮಾನ್ಯವಾಗಿ ಹಗುರ. ಮುಂದೆ ವಿದೇಶಕ್ಕೆ ಹೋಗುವಾಗ, ಮಗಳದು ವಿದೇಶಿ ಕಂಪನಿಯಾಗಿದ್ದರೆ ಕಣ್ಣೂರಿನ ಯೋಚನೆಯನ್ನೇ ಬಿಡಿ, ಅಲ್ಲಿಗೆ ನಿತ್ಯ ಬರುವುದು ಭಾರತೀಯ ಕಂಪನಿಗಳ ವಿಮಾನಗಳು ಮಾತ್ರ.

ಇನ್ನೊಂದು ಮಾತು. ಸೀಟು ಖಾಲಿ ಇದ್ದೂ ಹತ್ತಿಸದೇ ಇರಬಹುದು. ಎಟಿಆರ್‌ನಂಥ ಸಣ್ಣ ವಿಮಾನಗಳಲ್ಲಿ, ಚಿಕ್ಕ ರನ್‌ವೇ ಇರುವಲ್ಲಿ, ಬಿಸಿಲು ಮಳೆ ಹೆಚ್ಚಿದ್ದಾಗ ವಿಮಾನದ ಒಟ್ಟು ತೂಕಕ್ಕೆ ಮಿತಿ ಬೀಳುತ್ತದೆ. ಮೊದಲು ಇಳಿಸುವುದು ಸ್ಟ್ಯಾಂಡ್‌ಬೈಯವರನ್ನೇ. ಕೌಂಟರಿನವರೊಂದಿಗೆ ವಾದಕ್ಕಿಳಿಯಬೇಡಿ. ನಿಮ್ಮ ಮೇಲಿನ ದೂರು ಮಗಳ ಸೌಲಭ್ಯವನ್ನೇ ಕಿತ್ತುಕೊಳ್ಳಬಹುದು.

ಹೆಸರಿನ ವಿಷಯದಲ್ಲಿ ನಮ್ಮ ಕೊಡಗು ಜಿಲ್ಲೆಯವರು ವಿಶೇಷವಾಗಿ ಎಚ್ಚರ ವಹಿಸಬೇಕು. ಆಧಾರ್‌ನಲ್ಲಿ ಮನೆಹೆಸರು ಮೊದಲು, ಪಾಸ್‌ಪೋರ್ಟ್‌ನಲ್ಲಿ ಕೊನೆಗೆ, ಕಂಪನಿಯ ದಾಖಲೆಯಲ್ಲಿ ಬರೀ ಇನಿಶಿಯಲ್ ಇದ್ದರೆ ಟರ್ಮಿನಲ್ ಬಾಗಿಲಲ್ಲೇ ತೊಂದರೆ. ಮಗಳು ಕಂಪನಿಗೆ ಕುಟುಂಬದ ವಿವರ ಕೊಡುವಾಗಲೇ ಗುರುತಿನ ಚೀಟಿಯಲ್ಲಿರುವಂತೆ ಬರೆಸಲಿ. ಕಂಪನಿಯ ಲೆಕ್ಕದಲ್ಲಿ ಕುಟುಂಬ ಎಂದರೆ ಹೆಚ್ಚಾಗಿ ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ ತಾಯಿ. ಇಡೀ ಒಕ್ಕ (ಒಂದೇ ಮನೆತನದ ದೊಡ್ಡ ಕುಟುಂಬ) ಅದರಲ್ಲಿ ಬರುವುದಿಲ್ಲ.

ನಿಲ್ದಾಣದಲ್ಲಿ ಸಮಯ ಬಹಳ ಕಡಿಮೆ. ದೇಶದೊಳಗಿನ ವಿಮಾನಕ್ಕೆ ಸಾಮಾನ್ಯವಾಗಿ 60 ನಿಮಿಷ ಮೊದಲು ಕೌಂಟರ್ ಮುಚ್ಚುತ್ತಾರೆ, ಆಮೇಲಷ್ಟೇ ನಿಮ್ಮ ಹೆಸರು ಕರೆಯುತ್ತಾರೆ. 25 ನಿಮಿಷ ಮೊದಲು ಬೋರ್ಡಿಂಗ್ ಗೇಟ್ ಮುಚ್ಚುತ್ತದೆ. ನಡುವಿನ 35 ನಿಮಿಷದಲ್ಲಿ ಸೆಕ್ಯುರಿಟಿ ತಪಾಸಣೆ ಮುಗಿಸಿ ಗೇಟ್ ತಲುಪಬೇಕು. ಅದಕ್ಕೇ 7 ಕಿಲೋ ಒಳಗಿನ ಒಂದು ಕೈಚೀಲ ಸಾಕು. ಕಾಫಿಪುಡಿ ಅದರಲ್ಲೇ ಇರಲಿ. ವಿದೇಶಕ್ಕೆ ಹೋಗುವಾಗ ಕಾಚಂಪುಳಿ (ಅಡುಗೆಗೆ ಬಳಸುವ ಹುಳಿ ದ್ರವ), ಜೇನಿನ ಬಾಟಲಿ ಬಿಟ್ಟು ಹೋಗಿ, 100 ಮಿ.ಲೀ. ಮೀರಿದ ದ್ರವ ಕೈಚೀಲದಲ್ಲಿ ಹೋಗುವುದಿಲ್ಲ.

ದಸರಾ, ದೀಪಾವಳಿ, ಡಿಸೆಂಬರ್ ಕೊನೆ, ಏಪ್ರಿಲ್–ಮೇ ರಜೆ, ಕಣ್ಣೂರಿನಿಂದಾದರೆ ಓಣಂ ಕೂಡ: ಈ ದಿನಗಳಲ್ಲಿ ಸ್ಟ್ಯಾಂಡ್‌ಬೈ ನಂಬಬೇಡಿ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವ ಹೊತ್ತಿಗೆ ಮನೆಯಲ್ಲಿರಲೇಬೇಕಾದವರು ಹಣ ಕೊಟ್ಟೇ ಟಿಕೆಟ್ ಕೊಳ್ಳಲಿ. ಜುಲೈನಲ್ಲಿ ಸೀಟು ಸುಲಭವಾಗಿ ಸಿಕ್ಕೀತು, ಆದರೆ ಮಳೆಗೆ ಘಾಟಿ ರಸ್ತೆಯೇ ಮುಚ್ಚಿರಬಹುದು.

ವಾಪಸ್ ಬರುವಾಗಲೂ ಇದೇ ಕಥೆ. ಸೀಟು ಸಿಗದೆ ಉಳಿದರೆ ಕಂಪನಿ ಹೋಟೆಲ್ ಕೊಡುವುದಿಲ್ಲ, ಪರಿಹಾರವನ್ನೂ ಕೊಡುವುದಿಲ್ಲ. ಇಬ್ಬರಿಗೂ ಪೂರ್ತಿ ದರದ ಟಿಕೆಟ್ ಕೊಳ್ಳುವಷ್ಟು ಹಣ, ಒಂದೆರಡು ದಿನದ ಹೆಚ್ಚುವರಿ ಔಷಧಿ ಕೈಯಲ್ಲಿರಲಿ. ವಿದೇಶವಾದರೆ ವೀಸಾ ಮುಗಿಯುವ ಕೊನೆಯ ದಿನಕ್ಕೆ ವಾಪಸಾತಿ ಇಟ್ಟುಕೊಳ್ಳಬೇಡಿ. ಹೊರಡುವುದು ರದ್ದಾದರೆ ಮಗಳಿಗೆ ಕೂಡಲೇ ತಿಳಿಸಿ, ಪಟ್ಟಿಯಿಂದ ಹೆಸರು ತೆಗೆಸಿ. ಹೆಸರು ಹಾಕಿಸಿ ಬಾರದೇ ಹೋದರೆ ಹಲವು ಕಂಪನಿಗಳು ಅದನ್ನು ಉದ್ಯೋಗಿಯ ಖಾತೆಯಲ್ಲಿ ದಾಖಲಿಸುತ್ತವೆ.