ನಕಲು ಮಾಡಿಕೊಡುವ ಮನೆ: ಬೌದ್ಧ ವಿಹಾರಗಳ ಗ್ರಂಥಭಂಡಾರ ನಡೆದುಬಂದ ದಾರಿ

ಭಾರತದಿಂದ ತನ್ನ ನಾಡಿಗೆ ಮರಳುತ್ತಿದ್ದ ಚೀನೀ ಭಿಕ್ಷು ಹ್ಯೂಯೆನ್‌ತ್ಸಾಂಗ್ ಸಿಂಧೂ ನದಿಯನ್ನು ಆನೆಯ ಮೇಲೆ ಕೂತು ದಾಟಿದ. ಗ್ರಂಥಗಳನ್ನು ಹೊತ್ತ ದೋಣಿ ಮಾತ್ರ ನಡುಹೊಳೆಯಲ್ಲಿ ಅಲೆಗಳಿಗೆ ಸಿಕ್ಕಿ ಹೊಯ್ದಾಡಿತು. ಕಾವಲಿಗಿದ್ದವನು ನೀರಿಗೆ ಬಿದ್ದು ಹೇಗೋ ಬದುಕಿಕೊಂಡ, ಆದರೆ ಐವತ್ತು ಹಸ್ತಪ್ರತಿಗಳು ಹೊಳೆಯ ಪಾಲಾದವು. ಹ್ಯೂಯೆನ್‌ತ್ಸಾಂಗ್ ಆಚೆ ದಡದ ವಿಹಾರವೊಂದರಲ್ಲಿ ಐವತ್ತಕ್ಕೂ ಹೆಚ್ಚು ದಿನ ತಂಗಿ, ಉಡ್ಡಿಯಾನಕ್ಕೆ (ಇಂದಿನ ಸ್ವಾತ್ ಕಣಿವೆಗೆ) ಜನರನ್ನು ಕಳಿಸಿ, ಕಳೆದುಹೋದವುಗಳ ಪೈಕಿ ಕಾಶ್ಯಪೀಯ ಪಂಥದ ಗ್ರಂಥಗಳನ್ನು ಮತ್ತೆ ಬರೆಸಿಕೊಂಡ. 645ರಲ್ಲಿ ಚೀನಾದ ರಾಜಧಾನಿ ಚಾಂಗಾನ್ ತಲುಪಿದಾಗ ಅವನ ಬಳಿ 657 ಗ್ರಂಥಗಳಿದ್ದವು. ಹಾಗಿದ್ದೂ ಹೊಳೆಪಾಲಾದ ಹೊರೆಯನ್ನು ಅವನು ಮರೆಯಲಿಲ್ಲ. ಒಂಬತ್ತು ವರ್ಷಗಳ ಮೇಲೆ, ಭಾರತದಿಂದ ಬಂದಿದ್ದ ಭಿಕ್ಷುವೊಬ್ಬ ಹಿಂದಿರುಗುವಾಗ, ಮಗಧದ ಹಿರಿಯ ಭಿಕ್ಷು ಜ್ಞಾನಪ್ರಭನಿಗೆ ಬರೆದ ಓಲೆಯ ಜೊತೆಗೆ ಕಳೆದ ಗ್ರಂಥಗಳ ಹೆಸರುಗಳ ಪಟ್ಟಿಯನ್ನು ಇಟ್ಟು, ಯಾರಾದರೂ ಇತ್ತ ಬರುವವರಿದ್ದರೆ ಕಳಿಸಿಕೊಡಿ ಎಂದು ಕೇಳಿಕೊಂಡ.

ಒಂದು ಗ್ರಂಥಾಲಯ ತನ್ನಲ್ಲಿಲ್ಲದ ಪುಸ್ತಕವನ್ನು ಮತ್ತೊಂದರಿಂದ ತರಿಸಿಕೊಡುವ ಇಂದಿನ ಸೇವೆಗೂ ಈ ಓಲೆಗೂ ಇರುವ ಸಾಮ್ಯ ಎದ್ದು ಕಾಣುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಓಲೆಯ ಹಿಂದಿರುವ ನಂಬಿಕೆ: ಹೊಳೆಗೆ ಬಿದ್ದದ್ದು ಒಂದು ಪ್ರತಿ ಮಾತ್ರ, ಕೇಳಿದರೆ ಇನ್ನೊಂದು ಪ್ರತಿ ಸಿಕ್ಕೀತು ಎಂಬುದು. ವಿಹಾರಗಳ ಗ್ರಂಥಭಂಡಾರಗಳು ಓದುಗರಿಗೆ ಮಾಡಿದ ಮೊದಲ ಸೇವೆ ಈ ಇನ್ನೊಂದು ಪ್ರತಿಯೇ. ಕೂತು ಓದುವ ಕೋಣೆ, ಎರವಲು ಚೀಟಿ, ವಾಚನಾಲಯದ ಮೇಜು, ಇವೆಲ್ಲ ಬಹಳ ತಡವಾಗಿ ಬಂದವು.

ಆರಂಭದಲ್ಲಿ ಗ್ರಂಥವೇ ಇರಲಿಲ್ಲ. ಬುದ್ಧನ ಮಾತುಗಳನ್ನು ‘ಭಾಣಕ’ರೆಂಬ ಭಿಕ್ಷುಗಳು ಪಾಲು ಹಂಚಿಕೊಂಡು ಬಾಯಿಪಾಠ ಮಾಡುತ್ತಿದ್ದರು, ದೀಘನಿಕಾಯವೆಂಬ ಭಾಗದವರು ಬೇರೆ, ಮಜ್ಝಿಮನಿಕಾಯವೆಂಬ ಭಾಗದವರು ಬೇರೆ. ಈ ಏರ್ಪಾಟಿನ ಅಪಾಯ ಬರಗಾಲದಲ್ಲಿ ಬಯಲಾಯಿತು. ಶ್ರೀಲಂಕಾದಲ್ಲಿ ದೀರ್ಘ ಕ್ಷಾಮ ಬಂದಾಗ ‘ಮಹಾನಿದ್ದೇಸ’ವೆಂಬ ಪಾಠವನ್ನು ಬಲ್ಲವನು ಒಬ್ಬನೇ ಭಿಕ್ಷು ಉಳಿದಿದ್ದ, ಅವನ ನಡತೆ ಚೆನ್ನಾಗಿರಲಿಲ್ಲ, ಆದರೂ ಪಾಠ ಅವನೊಂದಿಗೇ ಸಾಯಬಾರದೆಂದು ಹಿರಿಯರೊಬ್ಬರು ಮನಸ್ಸಿಲ್ಲದ ಮನಸ್ಸಿನಿಂದ ಅವನ ಬಳಿ ಕೂತು ಕಲಿತರು ಎಂದು ಪಾಲಿ ವ್ಯಾಖ್ಯಾನಗಳು ಹೇಳುತ್ತವೆ. ಕ್ರಿ.ಪೂ. 1ನೆಯ ಶತಮಾನದಲ್ಲಿ ವಟ್ಟಗಾಮಣಿ ಅಭಯ ರಾಜನ ಕಾಲಕ್ಕೆ ಬೌದ್ಧ ಧರ್ಮಗ್ರಂಥಗಳ ಸಮಗ್ರ ಸಂಗ್ರಹವಾದ ತ್ರಿಪಿಟಕವನ್ನು ಓಲೆಗರಿಗೆ ಇಳಿಸಿದ್ದು ಇಂಥ ಭಯದಿಂದಲೇ. ಅದು ನಡೆದದ್ದು ಮಾತಲೆಯ ಬಳಿಯ ಅಲುವಿಹಾರದಲ್ಲಿ ಎಂಬುದು ಸಂಪ್ರದಾಯ.

ಬರೆಯುವ ರೂಢಿ ಬಂದ ಮೇಲೂ ಎಲ್ಲ ಕಡೆ ಅದು ಒಂದೇ ವೇಗದಲ್ಲಿ ಹಬ್ಬಲಿಲ್ಲ. ವಿನಯದ, ಅಂದರೆ ಭಿಕ್ಷುಗಳ ನಡವಳಿಕೆಯ ನಿಯಮಗಳ ಗ್ರಂಥಗಳಿಗಾಗಿಯೇ 399ರಲ್ಲಿ ಚಾಂಗಾನ್‌ನಿಂದ ಹೊರಟ ಚೀನೀ ಭಿಕ್ಷು ಫಾಹಿಯಾನ್ ಉತ್ತರ ಭಾರತದ ಉದ್ದಕ್ಕೂ ಕಂಡದ್ದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ದಾಟುವ ಪಾಠವನ್ನೇ. ನಕಲು ಮಾಡಿಕೊಳ್ಳಲು ಬರಹದ ಪ್ರತಿ ಸಿಗಲಿಲ್ಲ. ಕೊನೆಗೆ ಪಾಟಲಿಪುತ್ರದ ಮಹಾಯಾನ ವಿಹಾರವೊಂದರಲ್ಲಿ ಮಹಾಸಾಂಘಿಕ ಪಂಥದ ವಿನಯ ಸಿಕ್ಕಿದಾಗ ಅವನು ಅಲ್ಲಿ ಮೂರು ವರ್ಷ ನಿಂತು, ಸಂಸ್ಕೃತ ಕಲಿತು, ಅದನ್ನು ತಾನೇ ಬರೆದುಕೊಂಡ. ಒಂದು ಪುಸ್ತಕದ ಪ್ರತಿ ಪಡೆಯಲು ಮೊದಲು ಭಾಷೆ ಕಲಿಯಬೇಕಾದ ಕಾಲವದು.

ಓಲೆಗರಿಯ ಸ್ವಭಾವವೂ ಈ ಕೆಲಸವನ್ನು ಅನಿವಾರ್ಯ ಮಾಡಿತು. ಗರಿಯನ್ನು ಬೇಯಿಸಿ, ಒಣಗಿಸಿ, ನಯ ಮಾಡಿ, ಕಂಠವೆಂಬ ಮೊನಚು ಲೇಖನಿಯಿಂದ ಕೊರೆದು, ಕೊರೆದ ಗೆರೆಗಳಿಗೆ ಎಣ್ಣೆ ಬೆರೆಸಿದ ಮಸಿ ತಿಕ್ಕಿ, ದಾರ ಪೋಣಿಸಿ, ಎರಡು ಹಲಗೆಗಳ ನಡುವೆ ಕಟ್ಟಿ, ಬಟ್ಟೆ ಸುತ್ತಿಟ್ಟರೂ ಸೆಕೆ ಮತ್ತು ತೇವ ಎರಡೂ ಇರುವ ನಾಡಿನಲ್ಲಿ ಅದರ ಆಯಸ್ಸು ಕೆಲವು ತಲೆಮಾರು ಮಾತ್ರ. ಗೆದ್ದಲು, ಹುಳು, ಬೂಷ್ಟು ಕಾದೇ ಇರುತ್ತವೆ. ಆದ್ದರಿಂದ ಭಂಡಾರದ ಖರ್ಚು ಎಂದರೆ ಬಹುಪಾಲು ಲಿಪಿಕಾರರ ಖರ್ಚು. ಪಾಲ ದೊರೆ ದೇವಪಾಲನ ನಾಲಂದಾ ತಾಮ್ರಶಾಸನದಲ್ಲಿ ಇದು ನೇರವಾಗಿ ಕಾಣುತ್ತದೆ: ಸುವರ್ಣದ್ವೀಪದ ಬಾಲಪುತ್ರದೇವ ಕಟ್ಟಿಸಿದ ವಿಹಾರಕ್ಕೆ ಐದು ಹಳ್ಳಿಗಳನ್ನು ದತ್ತಿ ಬಿಟ್ಟಾಗ, ಭಿಕ್ಷುಗಳ ಊಟ, ಬಟ್ಟೆ, ಔಷಧಿಗಳ ಜೊತೆಗೆ ಧರ್ಮಗ್ರಂಥಗಳನ್ನು ಬರೆಸುವ ವೆಚ್ಚವನ್ನೂ ಉದ್ದೇಶಗಳಲ್ಲಿ ಸೇರಿಸಿದ್ದರು.

ನಾಲಂದಾದಲ್ಲಿ ವರ್ಷಗಟ್ಟಲೆ ಓದಿದ ಚೀನೀ ಭಿಕ್ಷು ಇತ್ಸಿಂಗ್ ಒಂದು ನಿಯಮವನ್ನು ದಾಖಲಿಸಿದ್ದಾನೆ. ಭಿಕ್ಷುವೊಬ್ಬ ತೀರಿಕೊಂಡಾಗ ಅವನ ವಸ್ತುಗಳನ್ನು ಹಂಚುವುದು ರೂಢಿ. ಆದರೆ ಅವನಲ್ಲಿದ್ದ ಧರ್ಮಗ್ರಂಥಗಳನ್ನೂ ವ್ಯಾಖ್ಯಾನಗಳನ್ನೂ ಹಂಚಕೂಡದು, ಅವು ಸಂಘದ ಎಲ್ಲರೂ ಓದಲೆಂದು ಭಂಡಾರ ಸೇರಬೇಕು. ಬೌದ್ಧೇತರ ಪುಸ್ತಕಗಳಿದ್ದರೆ ಮಾರಿ ಹಣವನ್ನು ಹಂಚಿಕೊಳ್ಳಬಹುದು. ಗ್ರಂಥಪಾಲಕರ ಭಾಷೆಯಲ್ಲಿ ಹೇಳುವುದಾದರೆ, ಯಾವುದನ್ನು ಸಂಗ್ರಹಕ್ಕೆ ಸೇರಿಸಿಕೊಳ್ಳಬೇಕು, ಯಾವುದನ್ನು ವಿಲೇವಾರಿ ಮಾಡಬೇಕು ಎಂಬ ನೀತಿ ಆಗಲೇ ಗಟ್ಟಿಯಾಗಿತ್ತು.

ನಾಲಂದಾದ ಭಂಡಾರಕ್ಕೆ ಧರ್ಮಗಂಜವೆಂದು ಹೆಸರು, ಅದರ ಮೂರು ಕಟ್ಟಡಗಳು ರತ್ನಸಾಗರ, ರತ್ನೋದಧಿ ಮತ್ತು ರತ್ನರಂಜಕ ಎಂಬ ವಿವರ ಟಿಬೆಟಿನ ಪರಂಪರೆಯಿಂದ ಬಂದದ್ದು. ಸುಮಾರು 1200ರ ದಾಳಿಗಳಲ್ಲಿ ಮಗಧದ ವಿಹಾರಗಳು ನೆಲಕಚ್ಚಿದವು. 1230ರ ದಶಕದಲ್ಲಿ ನಾಲಂದಾಕ್ಕೆ ಬಂದ ಟಿಬೆಟಿನ ಭಿಕ್ಷು ಧರ್ಮಸ್ವಾಮಿ ಕಂಡದ್ದು ತೊಂಬತ್ತು ದಾಟಿದ ಗುರು ರಾಹುಲ ಶ್ರೀಭದ್ರ ಮತ್ತು ಅವನ ಸುಮಾರು ಎಪ್ಪತ್ತು ಶಿಷ್ಯರನ್ನು ಮಾತ್ರ. ಈ ಭಂಡಾರದ ಕಥೆಯನ್ನು ದಾಳಿಕೋರರು ಹಚ್ಚಿದರೆನ್ನುವ ಬೆಂಕಿಯೊಂದಿಗೇ ಮುಗಿಸಿಬಿಡುವುದು ನಮ್ಮಲ್ಲಿ ರೂಢಿಯಾಗಿದೆ. ಆದರೆ ಅದಕ್ಕೆ ಮುಂಚಿನ ಶತಮಾನಗಳಲ್ಲಿ ಪ್ರತಿಗಳು ನೇಪಾಳಕ್ಕೂ ಟಿಬೆಟಿಗೂ ಹೊರಟುಹೋಗಿದ್ದವು. 1929ರಿಂದ 1938ರವರೆಗೆ ನಾಲ್ಕು ಬಾರಿ ಟಿಬೆಟಿಗೆ ಹೋದ ವಿದ್ವಾಂಸ ರಾಹುಲ ಸಾಂಕೃತ್ಯಾಯನರು ಸಾಕ್ಯ, ಙೋರ್, ಶಾಲು ಮಠಗಳಲ್ಲಿ ಭಾರತದಲ್ಲಿ ಕಣ್ಮರೆಯಾಗಿದ್ದ ಸಂಸ್ಕೃತ ಓಲೆಕಟ್ಟುಗಳನ್ನು ಕಂಡರು. ಕೆಲವನ್ನು ಕೈಯಲ್ಲೇ ಬರೆದುಕೊಂಡರು, ಹಲವನ್ನು ಛಾಯಾಚಿತ್ರಕ್ಕೆ ಇಳಿಸಿದರು. ಬೌದ್ಧ ತಾರ್ಕಿಕ ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ದ ಸಂಸ್ಕೃತ ಪಾಠ ಮತ್ತೆ ಅಚ್ಚಾದದ್ದು ಈ ಶೋಧದ ಬಲದಿಂದಲೇ.

ಚೀನಾದಲ್ಲಿ ಕಾಗದವಿತ್ತು, ಪ್ರತಿಗಳು ರಾಶಿಯಾಗಿದ್ದವು. ಅಲ್ಲಿನ ತೊಡಕು ಹುಡುಕುವುದು. 730ರಲ್ಲಿ ಝಿಶೆಂಗ್ ಎಂಬ ಭಿಕ್ಷು ಸಿದ್ಧಪಡಿಸಿದ ಸೂಚಿಯಲ್ಲಿ 1,076 ಕೃತಿಗಳು, 5,048 ಸುರುಳಿಗಳಾಗಿ ನಿಂತವು. ಮುಂದೆ ಈ ಸುರುಳಿಗಳನ್ನು 480 ಕಟ್ಟುಗಳಾಗಿ ಜೋಡಿಸಿ, ಪ್ರತಿ ಕಟ್ಟಿಗೆ ‘ಸಹಸ್ರಾಕ್ಷರಿ’ ಎನ್ನಬಹುದಾದ ಮಕ್ಕಳ ಪಾಠದಿಂದ ಒಂದೊಂದು ಅಕ್ಷರವನ್ನು ಗುರುತಾಗಿ ಕೊಟ್ಟರು. ಒಂದು ಸಾವಿರ ಅಕ್ಷರಗಳು ಒಂದೂ ಮರುಕಳಿಸದಂತೆ ಪದ್ಯವಾಗಿ ಹೆಣೆದಿರುವ ಆ ಪಾಠವನ್ನು, ನಮ್ಮಲ್ಲಿ ಮಗ್ಗಿ ಒಪ್ಪಿಸುವಂತೆ, ಓದು ಬಲ್ಲವರೆಲ್ಲ ಒಪ್ಪಿಸಬಲ್ಲವರಾಗಿದ್ದರು. ಅಕ್ಷರ ಹೇಳಿದರೆ ಕಪಾಟಿನ ಜಾಗ ತಾನಾಗಿ ನೆನಪಾಗುತ್ತಿತ್ತು. ಇದಕ್ಕಿಂತ ಜಾಣತನದ ಕಪಾಟು ಸಂಖ್ಯೆಯನ್ನು ನಾನು ಕೇಳಿಲ್ಲ.

ಸಣ್ಣ ಊರಿನ ಭಂಡಾರಗಳಿಗೆ ಈ ಸೂಚಿ ತಮ್ಮಲ್ಲಿ ಏನಿಲ್ಲ ಎಂಬುದನ್ನು ತೋರಿಸುತ್ತಿತ್ತು. ಗೋಬಿ ಮರುಭೂಮಿಯ ಅಂಚಿನ ದುನ್‌ಹುವಾಂಗ್‌ನಲ್ಲಿ 934ರಲ್ಲಿ ದಾವೊಝೆನ್ ಎಂಬ ಭಿಕ್ಷು ತನ್ನ ವಿಹಾರದಲ್ಲಿ ಕೊರತೆಯಿದ್ದ ಸುರುಳಿಗಳ ಲೆಕ್ಕ ತೆಗೆದು, ಊರವರ ಪೆಟ್ಟಿಗೆಗಳಲ್ಲಿದ್ದ ಹರಕು ಪ್ರತಿಗಳನ್ನು ಹುಡುಕಿ ತಂದು, ತೇಪೆ ಹಾಕಿ, ಖಾಲಿ ಜಾಗ ತುಂಬಿದ. 1900ರಲ್ಲಿ ಬಯಲಿಗೆ ಬಂದ ಅಲ್ಲಿನ ಗುಹೆಯ ಹತ್ತಾರು ಸಾವಿರ ಹಸ್ತಪ್ರತಿಗಳಲ್ಲಿ ಇಂಥ ಹರಕುಗಳೂ ತೇಪೆಯ ಕಾಗದಗಳೂ ಬಹಳವಿವೆ. ಅದೇ ಗುಹೆಯಲ್ಲಿ ಸಿಕ್ಕ 868ರ ವಜ್ರಸೂತ್ರ, ತಾರೀಖು ನಮೂದಾಗಿರುವ ಅತಿ ಹಳೆಯ ಪೂರ್ಣ ಅಚ್ಚುಪುಸ್ತಕ. ತಂದೆತಾಯಿಯರ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಹಂಚಲು ವಾಂಗ್ ಜಿಯೆ ಎಂಬಾತ ಇದನ್ನು ಮಾಡಿಸಿದ ಎಂದು ಕೊನೆಯಲ್ಲಿ ಅಚ್ಚಾಗಿದೆ.

ಮರದ ಅಚ್ಚು ಬಂದ ಮೇಲೆ ಪುಸ್ತಕವನ್ನು ಇಡುವ ಬದಲು ಪುಸ್ತಕ ಹುಟ್ಟಿಸುವ ಹಲಗೆಯನ್ನೇ ಇಡುವುದು ಸಾಧ್ಯವಾಯಿತು. ಇದರ ಅತ್ಯುತ್ತಮ ಉದಾಹರಣೆ ಕೊರಿಯಾದ ಹೇಇನ್ಸಾ ದೇಗುಲ. ತ್ರಿಪಿಟಕದ ಮೊದಲ ಹಲಗೆಗಳನ್ನು 1232ರಲ್ಲಿ ಮಂಗೋಲರು ಸುಟ್ಟ ಮೇಲೆ, 1236ರಿಂದ 1251ರವರೆಗೆ ಮತ್ತೆ ಕೆತ್ತಿದ 81,258 ಹಲಗೆಗಳು ಇಂದಿಗೂ ಅಲ್ಲಿವೆ. ಒಂದೊಂದು ಮುಖದಲ್ಲಿ 23 ಸಾಲು, ಸಾಲಿಗೆ 14 ಅಕ್ಷರ. ಎರಡು ತುದಿಗಳಿಗೆ ದಪ್ಪ ಮರದ ಪಟ್ಟಿ ಜೋಡಿಸಿರುವುದರಿಂದ ಪಕ್ಕಪಕ್ಕದಲ್ಲಿ ನಿಲ್ಲಿಸಿದಾಗ ಅಕ್ಷರಗಳು ಒಂದಕ್ಕೊಂದು ತಾಗುವುದಿಲ್ಲ, ನಡುವೆ ಗಾಳಿ ಆಡುತ್ತದೆ. ಕಟ್ಟಡದ ಮುಂಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು, ಹಿಂಗೋಡೆಯಲ್ಲಿ ತಿರುವುಮುರುವು. ಹೀಗಾಗಿ ಒಳಬಂದ ಗಾಳಿ ನೇರವಾಗಿ ಹಾದುಹೋಗದೆ ಇಡೀ ಕೋಣೆಯನ್ನು ಸುತ್ತಿ ಹೊರಡುತ್ತದೆ. ಇದ್ದಿಲು, ಉಪ್ಪು, ಸುಣ್ಣ ಸೇರಿಸಿ ಬಡಿದ ಮಣ್ಣಿನ ನೆಲ ತೇವವನ್ನು ಹೀರಿ, ಒಣಹವೆಯಲ್ಲಿ ಬಿಟ್ಟುಕೊಡುತ್ತದೆ. 1970ರ ದಶಕದಲ್ಲಿ ಆಧುನಿಕ ಕಟ್ಟಡವೊಂದನ್ನು ಕಟ್ಟಿ ಪರೀಕ್ಷೆಗೆಂದು ಕೆಲವು ಹಲಗೆಗಳನ್ನು ಸಾಗಿಸಿದಾಗ ಅವು ಕೆಡತೊಡಗಿದವು. ಹಲಗೆಗಳು ಹಳೆಯ ಮನೆಗೇ ಮರಳಿದವು.

ನೆರೆಯ ಜಪಾನಿನವರು ಈ ಹಲಗೆಗಳ ಅಚ್ಚುಪ್ರತಿಗಳಿಗಾಗಿ ಮೇಲಿಂದ ಮೇಲೆ ದೂತರನ್ನು ಕಳಿಸುತ್ತಿದ್ದರು, ಪ್ರತಿಗಳನ್ನು ಪಡೆಯುತ್ತಲೂ ಇದ್ದರು. ಒಮ್ಮೆ ಹಲಗೆಗಳನ್ನೇ ಕೇಳಿದಾಗ ಕೊರಿಯಾದ ಸೆಜೊಂಗ್ ರಾಜ ಒಪ್ಪಲಿಲ್ಲ. 1924ರಿಂದ 1934ರವರೆಗೆ ಟೋಕಿಯೊದಲ್ಲಿ ಅಚ್ಚಾದ ನೂರು ಸಂಪುಟಗಳ ತೈಶೊ ತ್ರಿಪಿಟಕ ಈ ಕೊರಿಯನ್ ಪಾಠವನ್ನೇ ಆಧಾರವಾಗಿ ಹಿಡಿಯಿತು, ಮತ್ತು 1998ರಲ್ಲಿ ತೈವಾನಿನಲ್ಲಿ ಆರಂಭವಾದ ಚೀನೀ ಬೌದ್ಧಗ್ರಂಥಗಳ ಗಣಕೀಕರಣ ತೈಶೊವನ್ನು ಆಧರಿಸಿತು. ಇಂದು ಮೊಬೈಲಿನಲ್ಲಿ ಚೀನೀ ಸೂತ್ರವೊಂದನ್ನು ತೆರೆದವನು ಬಹುಮಟ್ಟಿಗೆ ಆ ಹಲಗೆಗಳ ಮೊಮ್ಮಗನನ್ನು ಓದುತ್ತಿರುತ್ತಾನೆ.

ಪೂರ್ವ ಟಿಬೆಟಿನ ದೆರ್ಗೆಯಲ್ಲಿ 1729ರಲ್ಲಿ ಸ್ಥಾಪನೆಯಾದ ಮುದ್ರಣಾಲಯ ಎರಡು ಲಕ್ಷಕ್ಕೂ ಹೆಚ್ಚು ಹಲಗೆಗಳೊಂದಿಗೆ ಇಂದೂ ಕೆಲಸ ಮಾಡುತ್ತಿದೆ: ಇಬ್ಬರು ಎದುರುಬದುರು ಕೂತು, ಒಬ್ಬ ಮಸಿ ಹಚ್ಚಿದ ಹಲಗೆಗೆ ಇನ್ನೊಬ್ಬ ಕಾಗದ ಒತ್ತುತ್ತಾ ಹೋಗುತ್ತಾರೆ. ಥಾಯ್ಲೆಂಡಿನಲ್ಲಿ ಗ್ರಂಥದ ಮನೆ, ಅಂದರೆ ‘ಹೋ ತ್ರೈ’, ಕೊಳದ ನಡುವೆ ಕಂಬಗಳ ಮೇಲೆ ನಿಲ್ಲುತ್ತದೆ. ನೀರು ದಾಟಿ ಗೆದ್ದಲು ಬರಲಾರದು. ಓದುಬಾರದವರನ್ನೂ ಈ ಭಂಡಾರಗಳು ಮರೆತಿರಲಿಲ್ಲ. ಚೀನಾ ಮತ್ತು ಜಪಾನಿನ ದೇಗುಲಗಳಲ್ಲಿ ಸೂತ್ರಗಳನ್ನೆಲ್ಲ ತುಂಬಿದ ಎಂಟು ಮೂಲೆಯ ತಿರುಗುವ ಕಪಾಟನ್ನು ಒಂದು ಸುತ್ತು ತಳ್ಳಿದರೆ ಅಷ್ಟನ್ನೂ ಓದಿದ ಪುಣ್ಯವೆಂಬ ನಂಬಿಕೆ ಇದೆ. ಹಿಮಾಲಯದ ಹಳ್ಳಿಗಳಲ್ಲಿ ಜನ ಬುದ್ಧವಚನಗಳ ಟಿಬೆಟನ್ ಸಂಗ್ರಹವಾದ ಕಂಜೂರಿನ ಸಂಪುಟಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊಲಗಳನ್ನು ಸುತ್ತುತ್ತಾರೆ. ಓದುವ ಅಭ್ಯಾಸದ ಜನರಿಗೆ ಇದು ವಿಚಿತ್ರವಾಗಿ ಕಂಡೀತು; ಪುಸ್ತಕ ಕಪಾಟಿನಿಂದ ಹೊರಗೆ ಬಂದು ಊರು ನೋಡುವುದಂತೂ ನಿಜ.

ಈಗಿನ ದೇಗುಲ ಗ್ರಂಥಾಲಯದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಪಾಟುಗಳಿರುತ್ತವೆ. ಒಂದರಲ್ಲಿ ಹೊರಗೆ ಕೊಡದ ತ್ರಿಪಿಟಕ ಸಂಪುಟಗಳು; ಇನ್ನೊಂದರಲ್ಲಿ ಯಾರು ಬೇಕಾದರೂ ಒಯ್ಯಬಹುದಾದ, ಹಿಂದಿರುಗಿಸಬೇಕಿಲ್ಲದ, ದಾನಿಗಳು ಅಚ್ಚುಹಾಕಿಸಿದ ಕಿರುಪುಸ್ತಕಗಳು. ವಾಂಗ್ ಜಿಯೆಯ ಕಾಲದಿಂದ ಈ ಎರಡನೆಯ ಕಪಾಟು ಖಾಲಿಯಾಗಿಲ್ಲ. ವಿಂಗಡಣೆ ಮಾತ್ರ ಗ್ರಂಥಪಾಲಕರಿಗೆ ತಲೆನೋವು: ಪುಸ್ತಕಗಳನ್ನು ವಿಷಯಕ್ಕೊಂದು ಅಂಕಿ ಕೊಟ್ಟು ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಬೌದ್ಧಧರ್ಮಕ್ಕೆ ಮೀಸಲಾದದ್ದು 294.3 ಎಂಬ ಒಂದೇ ಅಂಕಿ, ಇಲ್ಲಿನ ಪುಸ್ತಕಗಳೆಲ್ಲ ಅದರೊಳಗೇ ಬಂದು ಬೀಳುತ್ತವೆ.

1959ರ ನಂತರ ಟಿಬೆಟಿನಿಂದ ಬಂದ ನಿರಾಶ್ರಿತರು ಹೊತ್ತು ತಂದ ಗ್ರಂಥಗಳ ಕಥೆಯಲ್ಲಿ ಗೋಧಿಯೂ ಸೇರಿಕೊಂಡಿದೆ. ಪಿ.ಎಲ್. 480 ಎಂಬ ಆಹಾರ ನೆರವಿನ ಯೋಜನೆಯಡಿ ಬಂದ ಅಮೆರಿಕದ ಗೋಧಿಗೆ ಭಾರತ ರೂಪಾಯಿಯಲ್ಲಿ ತೆತ್ತ ಹಣದ ಒಂದು ಭಾಗ ಅಮೆರಿಕದ ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳಲು ಬಳಕೆಯಾಯಿತು, ಅದರ ಆಸರೆಯಲ್ಲಿ ನಿರಾಶ್ರಿತರು ತಮ್ಮ ಅಪರೂಪದ ಪ್ರತಿಗಳನ್ನು ಮರುಮುದ್ರಿಸಿದರು. ದೆಹಲಿಯಲ್ಲಿ ಈ ಕೆಲಸ ನೋಡಿಕೊಳ್ಳುತ್ತಿದ್ದ ಜೀನ್ ಸ್ಮಿತ್, 1999ರಲ್ಲಿ ಟಿಬೆಟನ್ ಗ್ರಂಥಗಳನ್ನು ಸ್ಕ್ಯಾನ್ ಮಾಡುವ ಕೇಂದ್ರವೊಂದನ್ನು ಅಮೆರಿಕದಲ್ಲಿ ಕಟ್ಟಿದರು. ಆ ಕೇಂದ್ರದಿಂದ ಸಾವಿರಾರು ಸಂಪುಟಗಳನ್ನು ತುಂಬಿದ ಹಾರ್ಡ್ ಡಿಸ್ಕ್‌ಗಳು ಮಠಗಳಿಗೆ ಉಚಿತವಾಗಿ ಹೋದವು. ಬಟ್ಟೆ ಸುತ್ತಿದ ಉದ್ದನೆಯ ಸಂಪುಟಗಳ ಮಗ್ಗುಲಲ್ಲಿ ಈಗ ಅಂಗೈಯಗಲದ ಆ ಪೆಟ್ಟಿಗೆಗೂ ಜಾಗವಿದೆ.