ಕಪ್ಪು ಚಷ್ಮಾ, ಕಣ್ಣು ಕುಕ್ಕುವ ಬಿಸಿಲು

ಬೇಸಿಗೆ ಬಂದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಕೂಲಿಂಗ್ ಗ್ಲಾಸ್ ಕೊಳ್ಳುವವರು ನೋಡುವುದು ಎರಡೇ: ಮುಖಕ್ಕೆ ಒಪ್ಪುತ್ತದೆಯೇ, ಗಾಜು ಎಷ್ಟು ಕಪ್ಪಗಿದೆ. ಮೋಸ ಹೋಗುವುದು ಎರಡನೆಯದರಲ್ಲಿ. ಕಪ್ಪು ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ. ಅದರ ಹಿಂದೆ ಪಾಪೆ ಅಗಲವಾಗುತ್ತದೆ. ನೇರಳಾತೀತ (ಯುವಿ) ಕಿರಣಕ್ಕೆ ತಡೆ ಇಲ್ಲದಿದ್ದರೆ ಬಾಗಿಲು ತೆರೆದಿಟ್ಟಂತೆ. ಆ ತಡೆ ಇರುವುದು ಲೆನ್ಸಿನ ಪ್ಲಾಸ್ಟಿಕ್‌ನಲ್ಲಿ, ಇಲ್ಲವೇ ಲೇಪನದಲ್ಲಿ. ಬಣ್ಣವೇ ಇಲ್ಲದ ಪಾಲಿಕಾರ್ಬೊನೇಟ್ ಲೆನ್ಸ್ ಕೂಡ ಈ ಕಿರಣವನ್ನು ಬಹುಪಾಲು ತಡೆಯುತ್ತದೆ.

'ಯುವಿ 400' ಎಂದರೆ 400 ನ್ಯಾನೊಮೀಟರ್‌ವರೆಗಿನ ಕಿರಣಕ್ಕೆ ತಡೆ. ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಆಪ್ಟಿಕಲ್ ಅಂಗಡಿಯಲ್ಲಿ ಯುವಿ ಮೀಟರ್ ಇದ್ದರೆ ಅದರಲ್ಲಿ ಹಿಡಿಸಿ ನೋಡಿ. ನೀಲಿ ಟಾರ್ಚ್ ಬಿಟ್ಟು ತೋರಿಸುವ ಆಟ ನೀಲಿ ಬೆಳಕಿನದು, ಯುವಿಯದಲ್ಲ. ಕಪ್ಪಿನ ಮಟ್ಟಕ್ಕೆ 0ರಿಂದ 4ರವರೆಗೆ ದರ್ಜೆ ಇದೆ. ನಮ್ಮ ಬಿಸಿಲಿಗೆ 3 ಸಾಕು: ಅದು ಶೇ. 8ರಿಂದ 18ರಷ್ಟು ಬೆಳಕು ಬಿಡುತ್ತದೆ. 4 ಹಾಕಿಕೊಂಡು ಗಾಡಿ ಓಡಿಸಬಾರದು.

ಇನ್ನು ಪೋಲರೈಸ್ಡ್. ನೀರು, ಗಾಜು, ಕಾರಿನ ಬಾನೆಟ್, ಮಳೆಗೆ ನೆಂದ ಡಾಂಬರು, ಇವುಗಳಿಂದ ಓರೆಯಾಗಿ ಪುಟಿಯುವ ಬೆಳಕಿನ ಕಂಪನ ಹೆಚ್ಚಾಗಿ ಅಡ್ಡಡ್ಡ ಇರುತ್ತದೆ. ಲೆನ್ಸಿನೊಳಗಿನ ಪದರ ಆ ಅಡ್ಡ ಕಂಪನವನ್ನೇ ತಡೆಯುತ್ತದೆ. ಆದರೆ ಧೂಳು ಕೂತ ಶಹಾಬಾದ್ ಕಲ್ಲಿನ ಅಂಗಳ, ಬಿಳಿಚಿದ ಸಿಮೆಂಟ್ ರಸ್ತೆ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತವೆ. ಅಲ್ಲಿ ಪೋಲರೈಸ್ಡ್ ಹೆಚ್ಚೇನೂ ಮಾಡದು, ಕೆಲಸ ಮಾಡುವುದು ಕಪ್ಪೇ. 'ಇಷ್ಟು ದುಡ್ಡು ಕೊಟ್ಟರೂ ಕಣ್ಣು ಕುಕ್ಕುತ್ತದೆ' ಎಂಬ ದೂರು ಹುಟ್ಟುವುದು ಸಾಮಾನ್ಯವಾಗಿ ಇಲ್ಲಿಯೇ.

ಪರೀಕ್ಷೆಗೆ ಅಂಗಡಿಯವರ ಕ್ಯಾಲ್ಕುಲೇಟರ್ ಸಾಕು. ಲೆನ್ಸಿನ ಮೂಲಕ ಅದನ್ನು ನೋಡುತ್ತ ಚಷ್ಮಾವನ್ನು ನಿಧಾನವಾಗಿ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾಗಬೇಕು. ಆಮೇಲೆ ಗಾಜಿನ ಕೌಂಟರಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಓರೆಯಾಗಿ ನೋಡಿ. ಚಷ್ಮಾ ನೇರವಾಗಿದ್ದಾಗ ಪ್ರತಿಬಿಂಬ ಮಂಕಾಗಿ, ಅಡ್ಡ ತಿರುಗಿಸಿದಾಗ ಮರಳಿ ಬಂದರೆ ಪದರ ಸರಿಯಾಗಿ ಕೂತಿದೆ. ಎರಡೂ ಲೆನ್ಸುಗಳನ್ನು ಬೇರೆಬೇರೆಯಾಗಿ ನೋಡಿ: ಅಗ್ಗದ ಮಾಲಿನಲ್ಲಿ ಒಂದರ ಪದರ ವಾಲಿರುವುದುಂಟು. ಬೈಕಿನ ಡಿಜಿಟಲ್ ಮೀಟರ್ ಕೆಲವೊಮ್ಮೆ ಇದರಲ್ಲಿ ಕಾಣುವುದೇ ಇಲ್ಲ, ಕೊಳ್ಳುವ ಮೊದಲೇ ಹಾಕಿ ನೋಡಿಬಿಡಿ.

ಲೆನ್ಸಿನ ಅಚ್ಚು ಸರಿಯಿದೆಯೋ ತಿಳಿಯಲು ಚಷ್ಮಾವನ್ನು ಕೈ ಚಾಚಿ ಹಿಡಿದು, ನೆಲದ ಫರಸಿಯ ಸಂದುಗೆರೆ ನೋಡುತ್ತ ಮೇಲೆ ಕೆಳಗೆ ಆಡಿಸಿ. ನಂಬರಿಲ್ಲದ ಲೆನ್ಸಿನಲ್ಲಿ ಗೆರೆ ಹಾವಿನಂತೆ ಹರಿದಾಡಿದರೆ ಅಲ್ಲೇ ವಾಪಸ್ ಇಡಿ. ಅದನ್ನು ದಿನವಿಡೀ ಹಾಕಿದರೆ ತಲೆನೋವು ಬರಬಹುದು.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೊಕ್ರೋಮಿಕ್ ಲೆನ್ಸಿಗೆ ನಮ್ಮ ಸೀಮೆಯಲ್ಲಿ ಒಂದು ಇಕ್ಕಟ್ಟಿದೆ: ಶಾಖ ಹೆಚ್ಚಿದಷ್ಟೂ ಅದು ಕಡಿಮೆ ಕಪ್ಪಾಗುತ್ತದೆ. ಚಳಿಗಾಲದ ಬೀದರ್‌ನಲ್ಲಿ ಕಂಡಷ್ಟು ಗಾಢ ಬಣ್ಣ ಮೇ ತಿಂಗಳ ಯಾದಗಿರಿಯಲ್ಲಿ ಸಿಗದು. ಕಾರಿನೊಳಗೂ ಹಾಗೆಯೇ, ಮುಂದಿನ ಗಾಜೇ ಯುವಿ ತಡೆಯುವುದರಿಂದ ಲೆನ್ಸ್ ಸರಿಯಾಗಿ ಕಪ್ಪಾಗುವುದಿಲ್ಲ.

ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಚಷ್ಮಾ ಬಿಡಬೇಡಿ. ಕಾವಿಗೆ ಲೇಪನ ಬಿರುಕು ಬಿಡುತ್ತದೆ, ಪೋಲರೈಸ್ಡ್ ಪದರದಲ್ಲಿ ಗುಳ್ಳೆ ಏಳುತ್ತದೆ. ಧೂಳನ್ನು ಒಣ ಕರವಸ್ತ್ರದಿಂದ ಉಜ್ಜುವುದಂತೂ ಉಪ್ಪುಕಾಗದ ಆಡಿಸಿದ ಹಾಗೆ. ಮೊದಲು ನೀರು ಬಿಟ್ಟು ಧೂಳು ಹರಿಸಿ, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಚ್ಚಿ ತೊಳೆದು, ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ. ಗೀರು ಬಿದ್ದ ಲೆನ್ಸ್ ಸಂಜೆಯ ಇಳಿಬಿಸಿಲಿನಲ್ಲಿ ಬೆಳಕನ್ನು ಚದುರಿಸುತ್ತದೆ. ಎದುರಿನ ಗಾಡಿಯೇ ಕಾಣದಷ್ಟು.