ಕ್ಯಾನ್ಸರ್ ಕೋಶದ ನ್ಯೂಕ್ಲಿಯಸ್ ಯಾಕೆ ಸೊಟ್ಟಗಾಗುತ್ತದೆ?

ಕೋಲಾರದ ಕಡೆ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪನ್ನೂ ದವಡೆಗೆ ಒತ್ತಿಕೊಂಡೇ ಮಲಗುವ ಹೆಂಗಸರಿದ್ದಾರೆ. ಕೆನ್ನೆಯೊಳಗಿನ ಹುಣ್ಣು ವಾಸಿಯಾಗದಿದ್ದಾಗ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರುತ್ತಾರೆ, ಬಯಾಪ್ಸಿ ಆಗುತ್ತದೆ. ಸ್ಲೈಡ್ ನೋಡುವ ಪೆಥಾಲಜಿ ಡಾಕ್ಟರ ಕಣ್ಣು ಹೋಗುವುದು ನ್ಯೂಕ್ಲಿಯಸ್ ಕಡೆಗೆ, ಅಂದರೆ ಕೋಶದೊಳಗೆ ಡಿಎನ್‌ಎ ಇರುವ ಗೂಡಿನ ಕಡೆಗೆ. ಹೆಮಟಾಕ್ಸಿಲಿನ್ ಬಣ್ಣ ಹೀರಿ ಕಡುನೀಲಿಯಾಗಿ, ಅಳತೆ ಮೀರಿ ಊದಿ, ಅಂಚು ಸೊಟ್ಟಗಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಈ ಗುರುತು 19ನೇ ಶತಮಾನದಿಂದಲೂ ಗೊತ್ತು. ಯಾಕೆ ಹೀಗೆ ಎಂಬುದಕ್ಕೆ ಪೂರ್ತಿ ಉತ್ತರ ಇಂದಿಗೂ ಸಿಕ್ಕಿಲ್ಲ. ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್ ಸಂಶೋಧನೆಗೆ ಹೋಗುವ ಕೆಲವರು ಹಿಡಿಯುವುದು ಇದೇ ಪ್ರಶ್ನೆಯನ್ನು.

ಪ್ರಶ್ನೆಗೆ ಬೀಜ ಹಾಕಿದವರು ಜರ್ಮನಿಯ ಥಿಯೋಡೋರ್ ಬೊವೇರಿ. ಡಿಎನ್‌ಎ ಸುತ್ತಿಕೊಂಡ ಎಳೆಗಳಾದ ವರ್ಣತಂತುಗಳಲ್ಲಿ ಒಂದೊಂದಕ್ಕೂ ನ್ಯೂಕ್ಲಿಯಸ್ಸಿನಲ್ಲಿ ತನ್ನದೇ ಜಾಗ ಇದೆ ಎಂದು 1909ರಲ್ಲಿ, ವರ್ಣತಂತುಗಳ ಲೆಕ್ಕ ತಪ್ಪಿದರೆ ಗಡ್ಡೆ ಹುಟ್ಟುತ್ತದೆ ಎಂದು 1914ರಲ್ಲಿ ಬರೆದರು. ಎರಡನೆಯ ಮಾತು ಉಳಿಯಿತು. ಮೊದಲನೆಯದನ್ನು ಜನ ಬದಿಗಿಟ್ಟರು: 2 ಮೀಟರ್ ಉದ್ದದ ಡಿಎನ್‌ಎ ಅಷ್ಟು ಚಿಕ್ಕ ಜಾಗದಲ್ಲಿ ಶಾವಿಗೆಯ ಹಾಗೆ ಕಲಸಿಹೋಗಿರುತ್ತದೆ ಎಂದೇ ಬಹಳ ಕಾಲ ನಂಬಿದ್ದರು. 1980ರ ಆಸುಪಾಸಿನಲ್ಲಿ ಥಾಮಸ್ ಕ್ರೆಮರ್ ಮತ್ತು ಸಂಗಡಿಗರು ಲೇಸರ್‌ನಿಂದ ನ್ಯೂಕ್ಲಿಯಸ್ಸಿನ ಒಂದೇ ಚುಕ್ಕೆಯನ್ನು ಸುಟ್ಟು ನೋಡಿದರು. ಎಲ್ಲ ಕಲಸಿಹೋಗಿದ್ದರೆ ಬಹಳಷ್ಟು ವರ್ಣತಂತುಗಳಿಗೆ ಪೆಟ್ಟು ಬೀಳಬೇಕಿತ್ತು; ಬಿದ್ದದ್ದು ಕೆಲವಕ್ಕೆ ಮಾತ್ರ. ಬೊವೇರಿ ಹೇಳಿದ್ದು ಸರಿಯಿತ್ತು.

ಅಕ್ಕಪಕ್ಕ ಇರುವುದಕ್ಕೂ ಕ್ಯಾನ್ಸರ್‌ಗೂ ಏನು ಸಂಬಂಧ? ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ 9 ಮತ್ತು 22ನೇ ವರ್ಣತಂತುಗಳು ತುಂಡಾಗಿ ತುದಿ ಬದಲಿಸಿಕೊಳ್ಳುತ್ತವೆ ಎಂದು ಜಾನೆಟ್ ರೌಲಿ 1973ರಲ್ಲಿ ತೋರಿಸಿದ್ದರು. ಹಾಗೆ ಬೆಸೆದುಕೊಳ್ಳುವ ಎರಡು ಜೀನ್‌ಗಳು ಆರೋಗ್ಯವಂತರ ರಕ್ತಕೋಶಗಳಲ್ಲೂ ಹತ್ತಿರ ಹತ್ತಿರವೇ ಇರುತ್ತವೆ ಎಂಬುದು ಆಮೇಲೆ ತಿಳಿಯಿತು.

2009ರಲ್ಲಿ ಬಂದ ಹೈ-ಸಿ ವಿಧಾನ ಕೋಶದ ಇಡೀ ಡಿಎನ್‌ಎಯಲ್ಲಿ, ಅಂದರೆ ಜೀನೋಮ್‌ನಲ್ಲಿ, ಯಾವುದು ಯಾವುದನ್ನು ಮುಟ್ಟುತ್ತಿದೆ ಎಂದು ಒಮ್ಮೆಗೇ ಹೇಳಿತು. ಡಿಎನ್‌ಎಯಲ್ಲಿ ನೆರೆಹೊರೆಗಳಿವೆ, ನಡುವೆ ಗಡಿಗಳಿವೆ. ಐಡಿಎಚ್ ಜೀನ್ ಕೆಟ್ಟ ಮೆದುಳಿನ ಗಡ್ಡೆಗಳಲ್ಲಿ ಇಂಥ ಒಂದು ಗಡಿ ಸಡಿಲವಾಗಿ, ಆಚೆಯ ಎನ್‌ಹ್ಯಾನ್ಸರ್ (ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕು) ಈಚೆಯ ಪಿಡಿಜಿಎಫ್‌ಆರ್‌ಎ ಎಂಬ ಬೆಳವಣಿಗೆಯ ಜೀನನ್ನು ಹೊಡೆದೆಬ್ಬಿಸುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ದೊಡ್ಡ ತಿರುವು ಇದೇ: ಕಾಯಿಲೆಗೆ ಕಾರಣ ಜೀನಿನ ಅಕ್ಷರದಲ್ಲಷ್ಟೇ ಅಲ್ಲ, ಡಿಎನ್‌ಎ ಮಡಚಿಕೊಂಡ ರೀತಿಯಲ್ಲೂ ಇರಬಹುದು.

ಬಾಯಿ ಕ್ಯಾನ್ಸರ್‌ನಲ್ಲಿ ಸೊಟ್ಟ ನ್ಯೂಕ್ಲಿಯಸ್ ಕಾರಣವೋ ಪರಿಣಾಮವೋ ಎಂದು ಬಿಡಿಸಬೇಕಾದರೆ ಮಾದರಿ ಬೇಕಿರುವುದು ಕೋಲಾರದ ಆ ಹೆಂಗಸರ ದವಡೆಗಳಂಥ ಕಡೆಯಿಂದಲೇ. ಫಾರ್ಮಲಿನ್‌ನಲ್ಲಿ ಅದ್ದಿಟ್ಟ ತುಣುಕಿಗಿಂತ, ಆಪರೇಷನ್ ಆದ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿದ್ದು ಈ ಕೆಲಸಕ್ಕೆ ಒದಗುತ್ತದೆ. ಅದನ್ನು ರೋಗಿಯ ಒಪ್ಪಿಗೆ ಪಡೆದು, ಕರಗುವ ಮೊದಲು ಸುಮಾರು 70 ಕಿ.ಮೀ. ದೂರದ ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಬೇಕು.